ಬಿಟ್ಟುಕೊಟ್ಟವರು

ಬೈರನಕುಂಟೆ ಗ್ರಾಮ ಪಂಚಾಯಿತಿ ಕಚೇರಿಯ ಬೀಗ ತೆಗೆಯುವುದು ಗೋಪಾಲಮ್ಮನ ಕೆಲಸವಾಗಿತ್ತು. ಬೀಗ ತೆಗೆದು, ಕಸ ಗುಡಿಸಿ, ಬಿಂದಿಗೆಗೆ ನೀರು ತುಂಬಿ, ಅಧ್ಯಕ್ಷರ ಕುರ್ಚಿಗೆ ಹೊದಿಸಿದ ಟವೆಲ್ಲನ್ನು ಕೊಡವಿ ಹಾಸಿ, ಹತ್ತೂವರೆಗೆ ಒಲೆ ಹಚ್ಚಿ ಟೀ ಇಡುತ್ತಿದ್ದಳು. ಹದಿನಾಲ್ಕು ವರ್ಷದಿಂದ ಹೀಗೇ ನಡೆದಿತ್ತು. ಮೊದಮೊದಲು ಅವಳು ಮಾಡಿದ ಟೀಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಹೋಟೆಲಿನಿಂದ ಫ್ಲಾಸ್ಕಿನಲ್ಲಿ ತರಿಸುತ್ತಿದ್ದರು. ಆಮೇಲೆ ಕುಡಿಯತೊಡಗಿದರು. ಕುಡಿದು ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಅಧ್ಯಕ್ಷ ಮುನಿಗಂಗಪ್ಪನವರು ತಿಂಗಳ ಸಭೆಯಲ್ಲಿ ಒಮ್ಮೆಯಾದರೂ, ನಾಲ್ಕು ಜನ ಕೇಳುವ ಹಾಗೆ, "ನೋಡು ಗೋಪಾಲಿ, ನಿನ್ ಕೈ ಟೀನೇ ಕುಡೀತಾ ಇದೀವಿ. ಕಾಲ ಎಷ್ಟ್ ಬದಲಾಯ್ತು," ಅನ್ನುತ್ತಿದ್ದರು. ಅವಳು ಲೋಟಗಳನ್ನು ಎತ್ತಿಕೊಂಡು ಹೋಗುತ್ತಿದ್ದಳು.

ಊರು ಇರುವುದು ರಾಜಾನುಕುಂಟೆಯ ಆಚೆ, ದೊಡ್ಡಬಳ್ಳಾಪುರದ ರಸ್ತೆಯಿಂದ ಎಡಕ್ಕೆ ತಿರುಗಿ ಎರಡು ಮೈಲಿ ಒಳಗೆ. ಊರಿಗೆ ಬಡಗಣ ದಿಕ್ಕಿನಲ್ಲಿ ಕಾಲೋನಿ. ಗೋಪಾಲಮ್ಮ ಹುಟ್ಟಿದ್ದು ಆ ಕಾಲೋನಿಯಲ್ಲಿ. ಮದುವೆಯಾಗಿ ಹೋದದ್ದು ಅದೇ ಕಾಲೋನಿಯ ನಾಲ್ಕನೆಯ ಮನೆಗೆ. ಗಂಡ ಲಕ್ಕಣ್ಣ ಯಶವಂತಪುರದ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. 2009ರಲ್ಲಿ ಒಂದು ದಿನ ಮನೆಗೆ ಬರುವ ಬಸ್ಸಿನಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಆರ್.ಟಿ. ನಗರದಲ್ಲಿ ಬಟ್ಟೆ ಹೊಲಿಯುವ ಮಗಳು ಶಿಲ್ಪ, "ಬಂದ್ಬಿಡಮ್ಮ ಇಲ್ಲಿಗೆ, ಒಬ್ಳೇ ಏನ್ ಮಾಡ್ತೀಯ," ಎಂದು ಕರೆಯುತ್ತಲೇ ಇದ್ದಳು. "ನಿಮ್ಮಪ್ಪ ಇಲ್ಲೇ ಅವ್ನೆ, ನಾನೆಲ್ಲಿಗ್ ಬರ್ಲಿ," ಎಂದು ಗೋಪಾಲಮ್ಮ ಹೇಳುತ್ತಿದ್ದಳು. ಲಕ್ಕಣ್ಣನನ್ನು ಮಣ್ಣು ಮಾಡಿದ ಕಡೆ, ಅವನ ಎಡಮಗ್ಗುಲಿಗೆ, ತನಗೂ ಆರಡಿ ನೆಲ ಇದೆಯೆಂದು ಅವಳು ನಂಬಿಕೊಂಡಿದ್ದಳು. ಮಂಗಳವಾರ, ಶುಕ್ರವಾರ ಮಾರಮ್ಮನ ಗುಡಿಗೆ ದೀಪ ಹಚ್ಚಲು ಹೋದಾಗ ಅವಳು ಕೇಳಿಕೊಳ್ಳುತ್ತಿದ್ದುದು ಅದೊಂದನ್ನೇ: ತಾಯಿ, ಅಲ್ಲಿಗೆ ಸೇರಿಸು.

ಆ ನೆಲ ಕಾಲೋನಿಯವರ ಸ್ಮಶಾನ. ಒಂದು ಎಕರೆ ಹನ್ನೆರಡು ಗುಂಟೆ. ಅದರ ಗಡಿ ಎಲ್ಲಿಂದ ಎಲ್ಲಿಗೆ ಎಂಬುದು ಗೋಪಾಲಮ್ಮನಿಗೆ ಕಣ್ಣು ಮುಚ್ಚಿದರೂ ಗೊತ್ತು. ಅವಳ ಅಪ್ಪ ಮುನಿವೆಂಕಟಯ್ಯ ಊರಿನ ಕುಳವಾಡಿ. ಯಾರ ಹೊಲ ಎಲ್ಲಿ ಮುಗಿಯುತ್ತದೆ, ಊರಿನ ಎಲ್ಲೆ ಯಾವ ಮರದಿಂದ ಯಾವ ಬಂಡೆಗೆ ಹೋಗುತ್ತದೆ ಎಂಬುದನ್ನು ತಲೆಮಾರಿನಿಂದ ನೆನಪಿಟ್ಟುಕೊಂಡು ಬಂದ ಮನೆತನ. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಹಿರಿಯ ಮಗಳನ್ನೇ ಹಿಂದೆ ನಡೆಸಿಕೊಂಡು ಹೋಗಿ, "ಈ ಬೇವಿನ ಮರದಿಂದ ನಲವತ್ತು ಮಾರು. ಅಲ್ಲಿಂದ ಮೂಡಲಕ್ಕೆ ತಿರುಗ್ಬೇಕು. ಕಾಲಿಗ್ ಗೊತ್ತಾಗ್ಬೇಕು ಕಣವ್ವ, ತಲೆಗಲ್ಲ," ಎಂದು ಹೇಳಿಕೊಡುತ್ತಿದ್ದ.

ಸ್ಮಶಾನದ ಮೂಡಲಕ್ಕೆ ಗೇಟು ಇರುವ ಲೇಔಟು ಬಂದು ನಾಲ್ಕೈದು ವರ್ಷವಾಗಿತ್ತು. 2016ರ ಶ್ರಾವಣದಲ್ಲಿ ಆ ಲೇಔಟಿನವರು ಕಾಂಪೌಂಡು ಕಟ್ಟುತ್ತೇವೆಂದು ಪಾಯ ತೋಡಿಸಿದರು. ಪಾಯದ ಗೆರೆ ಸ್ಮಶಾನದ ಪಕ್ಕದಲ್ಲಿ ಹೋಗದೆ ಸ್ಮಶಾನದ ಮಧ್ಯದಲ್ಲೇ ಹೋಯಿತು. ಮುಕ್ಕಾಲು ಪಾಲು ನೆಲ ಗೋಡೆಯ ಆ ಕಡೆಗೆ ಬಿತ್ತು. ಲಕ್ಕಣ್ಣನೂ ಆ ಕಡೆಗೆ, ಗೋಪಾಲಮ್ಮನ ತಾಯಿಯೂ ಆ ಕಡೆಗೆ.

ಸುದ್ದಿ ತಂದವಳು ನಾದಿನಿ ನಾರಾಯಣಮ್ಮ, ಲಕ್ಕಣ್ಣನ ತಂಗಿ. ಇಬ್ಬರೂ ಓಡಿದರು. ಜೆಸಿಬಿ ಅಗೆದ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿ ಲೇಔಟಿನ ರಸ್ತೆಯ ಗುಂಡಿಗಳಿಗೆ ಸುರಿದಿದ್ದರು. ಆ ಮಣ್ಣಿನಲ್ಲಿ ಮೂಳೆಯಿತ್ತು, ಬಳೆಚೂರಿತ್ತು. ಯಾರದೋ ದವಡೆಯ ಮೇಲೆ ಕಾರೊಂದು ಹರಿದು ಹೋಗಿ, ಹಲ್ಲುಗಳು ಟಯರಿನ ಗುರುತಿನಲ್ಲಿ ಒತ್ತಿಕೊಂಡು ಕೂತಿದ್ದವು. ಕೆಲಸ ಮಾಡಿಸುತ್ತಿದ್ದ ಮೇಸ್ತ್ರಿ ಅಲ್ಲೇ ಕಲ್ಲಿನ ಮೇಲೆ ಕೂತು ಪೊಟ್ಟಣ ಬಿಚ್ಚಿ ಚಿತ್ರಾನ್ನ ತಿನ್ನುತ್ತಿದ್ದ. "ಇದು ನಾಯಿದೋ ದನದ್ದೋ ಇರ್ಬೇಕು ಬಿಡಮ್ಮ," ಅಂದ, ಬಾಯಿ ತುಂಬ ಅನ್ನ ಇಟ್ಟುಕೊಂಡೇ. ಗೋಪಾಲಮ್ಮ ರಸ್ತೆಯ ಅಂಚಿಗೆ ಹೋಗಿ ಬೆಳಿಗ್ಗೆ ತಿಂದದ್ದನ್ನೆಲ್ಲ ಕಾರಿಕೊಂಡಳು. ಆಮೇಲೆ ಬಾಯಿ ಒರೆಸಿಕೊಂಡು ಬಂದು, ಸೆರಗು ಹಾಸಿ, ಸಿಕ್ಕಿದ್ದನ್ನೆಲ್ಲ ಆರಿಸಿಕೊಂಡಳು. ಅತ್ತಿಗೆ ನಾದಿನಿ ಇಬ್ಬರೂ ಅದನ್ನು ಪಾಯದ ಈ ಕಡೆಗೆ ತಂದು ಮತ್ತೆ ಮಣ್ಣು ಮಾಡಿದರು. ಯಾರ ಮೂಳೆ ಯಾರದೆಂದು ಹೇಳುವವರು ಯಾರು? ಎಲ್ಲವೂ ಒಂದೇ ಗುಂಡಿಗೆ ಹೋದವು.

ಪಂಚಾಯಿತಿಯ ಪಿಡಿಒ ರಘುನಾಥ್ ಕೆಟ್ಟವನಲ್ಲ. ಕೆಟ್ಟವನಾಗಲು ಬೇಕಾದ ಧೈರ್ಯವೂ ಅವನಿಗಿರಲಿಲ್ಲ. ಗೋಪಾಲಮ್ಮ ಅರ್ಜಿ ಹಿಡಿದು ಎದುರಿಗೆ ನಿಂತಾಗ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ನೋಡಿ ಗೋಪಾಲಮ್ಮ, ಗೋಡೆ ಕೆಲಸ ನಿಲ್ಲಬೇಕು ಅಂದ್ರೆ ಹದ್ದುಬಸ್ತಿಗೆ ಅರ್ಜಿ ಹಾಕ್ಬೇಕು. ಅಂದ್ರೆ ಸರ್ವೆಯವರು ಬಂದು ಅಳೆದು ಗಡಿ ಗುರುತು ಮಾಡೋದು. ಅರ್ಜಿಗೆ ನಂಬರ್ ಬಿದ್ರೆ ಲೇಔಟಿನವರು ಒಂದು ಕಲ್ಲೂ ಇಡೋ ಹಾಗಿಲ್ಲ. ಆದ್ರೆ ಹಳೇ ಗಡಿಕಲ್ಲು ಒಂದೂ ಉಳಿದಿಲ್ವಲ್ಲ, ಬರೀ ನಿಮ್ ಮಾತಿನ ಮೇಲೆ ಅರ್ಜಿ ತಗೊಳಲ್ಲ."

"ಮತ್ತೇನ್ ಬೇಕು ಸಾರ್?"

"ಎರಡ್ರಲ್ಲಿ ಒಂದು. ಪಂಚಾಯಿತಿ ನಿರ್ಣಯ ಮಾಡಿ ಕೊಡ್ಬೇಕು. ಇಲ್ಲಾ, ಪಕ್ಕದ ಜಮೀನಿನವರು ಗಡಿ ಇಂಥಾ ಕಡೆ ಇತ್ತು ಅಂತ ಬರೆದು ಸಹಿ ಹಾಕ್ಬೇಕು. ರಾಜ್ಯೋತ್ಸವ ಆದ್ಮೇಲೆ ಗೋಡೆ ಎಬ್ಬಿಸ್ತಾರಂತೆ. ಅಷ್ಟರೊಳಗೆ ಏನಾದ್ರೂ ಮಾಡಿ."

ಪಕ್ಕದ ಜಮೀನು ಸಿದ್ರಾಮಪ್ಪನವರದು. ಎಪ್ಪತ್ತೆಂಟರ ಮುದುಕರು, ಊರೊಳಗೆ ಅವರ ಮಾತಿಗೆ ಎದುರಿಲ್ಲ. ಗೋಪಾಲಮ್ಮ ಅವರ ಜಗಲಿಯ ಕೆಳಗೆ ನಿಂತು ಕೇಳಿದಳು. ಅವರು ಬಹಳ ಹೊತ್ತು ಎಲೆಗೆ ಸುಣ್ಣ ಸವರಿದರು. "ನಂಗೆ ಕಣ್ಣು ಮಂಜು ಕಣಮ್ಮಿ. ಗಡಿ ಎಲ್ಲಿತ್ತೋ ಏನೋ, ಮರ್ತೋಗೈತೆ," ಅಂದರು. ಎಲೆಯ ತೊಟ್ಟನ್ನು ಮುರಿದು ಸರಿಯಾಗಿ ಮೋರಿಯ ಬಾಯಿಗೇ ಎಸೆದರು. ಅಷ್ಟು ದೂರದ ಮೋರಿ ಕಾಣುವ ಕಣ್ಣಿಗೆ ಗಡಿ ಕಾಣಲಿಲ್ಲ. ಲೇಔಟಿಗೆ ತಮ್ಮ ಎರಡು ಎಕರೆ ಮಾರಿದವರು ಅವರು, ಇನ್ನೂ ಎರಡು ಎಕರೆ ಮಾತುಕತೆಯಲ್ಲಿತ್ತು.

ಉಳಿದದ್ದು ಪಂಚಾಯಿತಿಯ ನಿರ್ಣಯ. ಆಗಸ್ಟ್ ಸಭೆಯಲ್ಲಿ ಅಧ್ಯಕ್ಷರು ಅರ್ಜಿಯನ್ನು ಮುಂದಿನ ಸಭೆಗೆ ಇಟ್ಟರು.

ಸೆಪ್ಟೆಂಬರ್ ಸಭೆಗೆ ಲೇಔಟಿನಿಂದ ಸಂಯುಕ್ತಾ ಎಂಬುವರು ಬಂದರು. ಮೊದಲು ಸಂಜಯನಗರದಲ್ಲಿದ್ದವರು, ನಿವಾಸಿಗಳ ಸಂಘದ ಕಾರ್ಯದರ್ಶಿ. ಕೈಮಗ್ಗದ ಸೀರೆ, ಮೆಲುಮಾತು, ಕಂಡವರಿಗೆಲ್ಲ ನಮಸ್ಕಾರ. ಕೆನಡಾದಲ್ಲಿರುವ ತಂಗಿಯ ಮನೆಗೆ ಹೋಗಿ ಬಂದಿದ್ದರು.

"ಅಲ್ಲಿ ಊರಿನ ಕೌನ್ಸಿಲ್ ಮೀಟಿಂಗ್ ಶುರು ಆಗೋಕ್ ಮುಂಚೆ ಒಂದು ಮಾತು ಓದ್ತಾರೆ ಸರ್," ಅಂದರು. "ಈ ನೆಲ ಮೊದಲು ಯಾರದಾಗಿತ್ತೋ ಅವರನ್ನ ನೆನೆಸ್ಕೋತೀವಿ ಅಂತ. ಕೇಳಿ ನಂಗೆ ಕಣ್ಣಲ್ಲಿ ನೀರೇ ಬಂತು. ನಮ್ಮ ಪಂಚಾಯಿತೀಲೂ ಯಾಕೆ ಮಾಡ್ಬಾರದು? ಇಲ್ಲೂ ಮೂಲ ಅಂತ ಇರೋರು ಇರ್ತಾರಲ್ಲ."

"ಮೂಲ ಇರೋರು ಈ ಸಭೇಲೇ ಇಬ್ರವ್ರೆ ಮೇಡಂ," ಅಂದ ಸದಸ್ಯ ಮುನೇಶ್. "ಕುರ್ಚಿ ಮೇಲೆ ಕೂತ್ಕೊಳೋದ್ ನೋಡಿದ್ರೇ ಗೊತ್ತಾಗುತ್ತೆ."

ಸಭೆಗೆ ಸಭೆಯೇ ನಕ್ಕಿತು. "ನನ್ ಕಡೆ ಯಾಕಲಾ ನೋಡ್ತೀಯ, ಬೇವರ್ಸಿ," ಎಂದು ಮುನಿಗಂಗಪ್ಪನವರೂ ನಕ್ಕರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಮೂಲ ಜನ ಅಂದ್ರೆ ನಾವೇ ಅಲ್ವಾ? ಏಳು ತಲೆಯಿಂದ ಇಲ್ಲೇ ಇದೀವಿ," ಅಂದರು.

"ಹಂಗ್ ಬರೆದ್ರೆ ಸಾರ್, ಮಾರಿದ್ದೂ ನಾವೇ, ನೆನೆಸ್ಕೊಳೋದೂ ನಮ್ಮನ್ನೇ ಅಂತ ಆಗುತ್ತೆ," ಅಂದ ರಘುನಾಥ್, ಮೇಜು ನೋಡುತ್ತಾ.

"ಕಾಲೋನಿಯೋರ್ನ ಹಾಕಿ ಗುರು," ಅಂದ ಮುನೇಶ್. "ಪೇಪರ್‌ನೋರು ಬರ್ತಾರೆ. ನಮ್ ಪಂಚಾಯಿತಿಗೂ ಒಂದ್ ಹೆಸ್ರು."

ಹಾಗೆ, ಗೋಪಾಲಮ್ಮ ಬಾಗಿಲಲ್ಲಿ ಟೀ ತಟ್ಟೆ ಹಿಡಿದು ನಿಂತಿರುವಾಗಲೇ, ಅವಳು ಆ ನೆಲದ ಮೂಲ ಜನವಾದಳು. ಕಾಲು ಗಂಟೆಯಲ್ಲಿ ರಘುನಾಥ್ ಒಂದು ವಾಕ್ಯ ಬರೆದ. ಅಧ್ಯಕ್ಷರು ಅದಕ್ಕೆ ತಮ್ಮದೂ ಎರಡು ಮಾತು ಸೇರಿಸಿದರು. ರಾಜ್ಯೋತ್ಸವದ ದಿನ ಅದನ್ನು ಕರಿಕಲ್ಲಿನಲ್ಲಿ ಕೆತ್ತಿಸಿ ಕಚೇರಿಯ ಮುಂದೆ ನಿಲ್ಲಿಸುವುದು, ಅಂದಿನಿಂದ ಪ್ರತಿ ಸಭೆಯನ್ನೂ ಅದನ್ನು ಓದಿ ಆರಂಭಿಸುವುದು ಎಂದು ಠರಾವಾಯಿತು. ಸಂಯುಕ್ತಾ, "ಅವರನ್ನೇ ಒಂದು ಮಾತು ಕೇಳಿ," ಅಂದದ್ದರಿಂದ ರಘುನಾಥ್ ಅವಳಿಗೆ ಓದಿ ಹೇಳಿದ.

"ಈ ನೆಲದ ಮೂಲ ಜನರಾಗಿದ್ದು, ಗ್ರಾಮದ ಅಭಿವೃದ್ಧಿಗಾಗಿ ತಮ್ಮ ಭೂಮಿಯನ್ನು ಸಂತೋಷದಿಂದ ಬಿಟ್ಟುಕೊಟ್ಟ ಬಂಧುಗಳನ್ನು ಈ ಸಭೆಯು ಗೌರವದಿಂದ ಸ್ಮರಿಸುತ್ತದೆ. ಹೆಂಗಿದೆ ಗೋಪಾಲಮ್ಮ?"

ಗೋಪಾಲಮ್ಮ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಒಂದ್ ಮಾತು ಸರಿಯಿಲ್ಲ ಸಾರ್."

"ಯಾವುದು?"

"ಬಿಟ್ಟುಕೊಟ್ಟ ಅನ್ನೋದು. ನಾವ್ಯಾರೂ ಏನೂ ಬಿಟ್ಕೊಟ್ಟಿಲ್ಲ. ಬಿಟ್ಕೊಡೋಕೆ ನಮ್ ಕೈಯಾಗ್ ಏನಿತ್ತು? ಇದ್ದಿದ್ದು ಸುಡುಗಾಡೊಂದು. ಅದ್ನ ಅಗೀತಾವ್ರೆ."

"ಅಗೀತಿದಾರಾ? ಎಲ್ಲಿ?" ಎಂದು ಸಂಯುಕ್ತಾ ತಿರುಗಿದರು.

"ಅದು ಬೇರೆ ವಿಷಯ ಮೇಡಂ," ಅಂದರು ಮುನಿಗಂಗಪ್ಪ. "ಅದಕ್ಕೆ ಅರ್ಜಿ ಇದೆ, ನೋಡ್ತಾ ಇದೀವಿ. ಏ ಗೋಪಾಲಿ, ಒಂದು ಒಳ್ಳೇ ಕೆಲಸ ಆಗೋವಾಗ ನಿನ್ ರಾಗ ತೆಗೀಬೇಡ. ಭಾಷೆ ಅಂದ್ಮೇಲೆ ಸ್ವಲ್ಪ ಚೆನ್ನಾಗಿರ್ಬೇಕು. ಟೀ ಕೊಡು."

ಸಂಯುಕ್ತಾ ಮತ್ತೆ ಕೇಳಲಿಲ್ಲ. ಹಾವು ಬರುತ್ತವೆ, ಮಕ್ಕಳಿಗೆ ಭಯ, ಬೇಗ ಕಾಂಪೌಂಡು ಕಟ್ಟಲು ಅನುಮತಿ ಕೊಡಿ ಎಂದು ಸಂಘದಿಂದ ಬಂದಿದ್ದ ಪತ್ರ ಅದೇ ಕಚೇರಿಯ ಫೈಲಿನಲ್ಲಿತ್ತು. ಅದರ ಕೆಳಗೆ ಅವರದೇ ದುಂಡಗಿನ ಸಹಿಯಿತ್ತು. ನಲವತ್ತರ ವಯಸ್ಸಿನಲ್ಲಿ ಸಂಜೆಯ ತರಗತಿಗೆ ಹೋಗಿ ಅಕ್ಷರ ಕಲಿತಿದ್ದ ಗೋಪಾಲಮ್ಮ ಆ ಫೈಲಿನ ಧೂಳು ಒರೆಸುವಾಗ ಓದಿದ್ದಳು. ಗೋಡೆ ಎಲ್ಲಿ ಹೋಗುತ್ತದೆಂದು ಸಂಯುಕ್ತಾಗೆ ತಿಳಿದಿರಲಿಲ್ಲವೋ, ತಿಳಿಯಬಾರದೆಂದು ಇದ್ದರೋ, ದೇವರೇ ಬಲ್ಲ. ಆದರೂ ಆ ಮೆಲುಮಾತು ಕೇಳುವಾಗ ಗೋಪಾಲಮ್ಮನಿಗೆ ಹಳಸಿದ ಪಾಯಸವನ್ನು ಬಾಯಿಗೆ ಹಿಡಿದಂತಾಯಿತು. ಅವಳ ಅರ್ಜಿಯನ್ನು ಅಂದೂ ಮುಂದಿನ ಸಭೆಗೆ ಇಟ್ಟರು. ಅಕ್ಟೋಬರಿನಲ್ಲಿ ಕಲ್ಲಿನ ಕೆಲಸದ ಗಡಿಬಿಡಿಯಲ್ಲಿ ಸಭೆಯೇ ನಡೆಯಲಿಲ್ಲ.

ರಾಜ್ಯೋತ್ಸವಕ್ಕೆ ಹತ್ತು ದಿನವಿರುವಾಗ ಸಂಯುಕ್ತಾ ಕಚೇರಿಗೆ ಬಂದು, ಕಸ ಗುಡಿಸುತ್ತಿದ್ದ ಗೋಪಾಲಮ್ಮನ ಪಕ್ಕದ ಬೆಂಚಿನ ಮೇಲೆ ಕೂತರು.

"ಗೋಪಾಲಮ್ಮ, ನಿಮ್ಮ ತಂದೆ ಊರಿನ ಗಡಿ ಎಲ್ಲಾ ಬಲ್ಲವರಂತೆ. ನಂಗೊಂದು ಐಡಿಯಾ ಬಂತು. ನಿಮ್ಮ ಜಾಗದ ಮಣ್ಣನ್ನ ಒಂದು ಬುಟ್ಟೀಲಿ ತಲೆ ಮೇಲೆ ಹೊತ್ಕೊಂಡು ಬಂದು ನೀವು ಆ ಕಲ್ಲಿನ ಬುಡಕ್ಕೆ ಹಾಕ್ಬೇಕು. ತಮಟೆ ಇರುತ್ತೆ. ಎಷ್ಟು ಚೆನ್ನಾಗಿರುತ್ತೆ ಅಲ್ವಾ?"

ಗೋಪಾಲಮ್ಮನ ಕೈಯಲ್ಲಿದ್ದ ಪೊರಕೆ ನಿಂತಿತು. ಸಂಯುಕ್ತಾಗೆ ಗೊತ್ತಿರಲಿಲ್ಲ, ಗೊತ್ತಿರುವ ದಾರಿಯೂ ಇರಲಿಲ್ಲ. ಎಲ್ಲೆಯ ವ್ಯಾಜ್ಯ ಬಂದು ಯಾರ ಮಾತಿಗೂ ಒಪ್ಪಂದವಾಗದಿದ್ದಾಗ ಕುಳವಾಡಿಯ ತಲೆಯ ಮೇಲೆ ಆ ನೆಲದ ಮಣ್ಣು ಹೊರಿಸುವುದು ಆ ಸೀಮೆಯ ಪದ್ಧತಿ. ಅವನು ಉಪವಾಸವಿದ್ದು, ತಣ್ಣೀರು ಸುರಿದುಕೊಂಡು, ಒದ್ದೆ ಬಟ್ಟೆಯಲ್ಲಿ ಮಣ್ಣು ಹೊತ್ತು ನಡೆಯಬೇಕು. ಗಡಿ ಶುರುವಾಗುವ ಗುರುತಿನಿಂದ ಹೊರಟ ಮೇಲೆ ಮಣ್ಣು ಹೊತ್ತವನು ಗಡಿಯ ಮೇಲಲ್ಲದೆ ಬೇರೆಲ್ಲೂ ಕಾಲಿಡುವಂತಿಲ್ಲ. ತಪ್ಪು ಹೆಜ್ಜೆಯಿಟ್ಟರೆ ವರ್ಷ ತುಂಬುವುದರೊಳಗೆ ಮನೆಯಲ್ಲಿ ಹೆಣ ಬೀಳುತ್ತದೆ. ಊರಿನವರು ಹಿಂದೆ ಬರಿಗಾಲಲ್ಲಿ ನಡೆಯಬೇಕು. ಕೊನೆಯವರೆಗೂ ನಡೆದವನು ಗಡಿಗೆ ಒಪ್ಪಿದ ಹಾಗೆ, ಆಮೇಲೆ ಮಾತಿಲ್ಲ. ಅರ್ಧದಲ್ಲಿ ತಿರುಗಿದವನ ಮನೆಗೂ ಅದೇ ಕೇಡು. ಮುನಿವೆಂಕಟಯ್ಯ ಬದುಕಿನಲ್ಲಿ ಎರಡು ಸಲ ಮಣ್ಣು ಹೊತ್ತಿದ್ದ. ಎರಡು ಸಲವೂ ಮನೆಗೆ ಬಂದು ಮೂರು ದಿನ ಯಾರ ಜೊತೆಯೂ ಮಾತಾಡಿರಲಿಲ್ಲ.

ಅವಳು ನೇರವಾಗಿ ಅಧ್ಯಕ್ಷರ ಮುಂದೆ ಹೋಗಿ ನಿಂತಳು. ಮೋಸ ಮಾಡಿದ ಮಾತು ತನ್ನ ಮೇಲೆ ಬರಬಾರದು.

"ಗೌಡ್ರೇ, ಮೇಡಮ್ಮ ಮಣ್ ಹೊರು ಅಂತಾವ್ರೆ. ಮಣ್ ಹೊತ್ರೆ ಏನು ಅಂತ ನಿಮ್ಗೆ ಗೊತ್ತೈತಲ್ಲ?"

"ಏ, ಅದೆಲ್ಲ ತಾತನ ಕಾಲದ್ದು ಕಣೇ. ಹತ್ ಹೆಜ್ಜೆ ಹೊತ್ಕೊಂಡ್ ಬಾ, ಫೋಟೋ ತೆಗೀತಾರೆ, ಆಯ್ತು."

"ಹೊತ್ಮೇಲೆ ಕಲ್ ತಾವ ಬರಾಕಾಗಲ್ಲ. ಕಾಲು ಗಡಿ ತಾವಾನೇ ಓಗ್ಬೇಕು. ಈಗ್ಲೇ ಹೇಳ್ಬುಟ್ಟಿವ್ನಿ."

"ಸರಿ ಹೋಗೇ, ಎಲ್ಲಿಗಾರ ಹೋಗು," ಎಂದು ಅವರು ಫೋನು ಕಿವಿಗಿಟ್ಟರು.

ಸಂಜೆ ನಾರಾಯಣಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ಕೇಳಿದಳು. "ಅತ್ಗೆ, ಹೆಣ್ ಹೆಂಗ್ಸು ಮಣ್ ಹೊತ್ತಿದ್ದು ಎಲ್ಲಾರ ಕೇಳಿದ್ದೀಯಾ?"

"ಇಲ್ಲ."

"ಮತ್ತೆ? ಆ ಕಳ್ ನನ್ಮಕ್ಳು ನಗ್ತಾರೆ ಅಷ್ಟೇ. ಅವ್ರು ಬರಿಗಾಲಾಗ್ ಬತ್ತಾರಾ? ಕಾರಲ್ಲಿ ಬತ್ತಾರೆ ನಿನ್ ಹಿಂದೆ."

"ಬರ್ದಿದ್ರೆ ಬುಡ್ಲಿ. ನಿಮ್ಮಣ್ಣ ಅಲ್ಲಿಲ್ಲ ಅಂತ ನಾನ್ ಸುಳ್ ನಡ್ಯಕಾಯ್ತದಾ?"

ನಾರಾಯಣಮ್ಮ ಇನ್ನೊಂದು ಹಿಡಿ ಕಾಯಿ ಸುಲಿದಳು. ಆಮೇಲೆ, "ಮಂಕರಿ ನಮ್ಮನೇದು ಗಟ್ಟಿಯಾಗೈತೆ. ಅದ್ನೇ ತಗ," ಅಂದಳು.

ನವೆಂಬರ್ ಒಂದನೆಯ ತಾರೀಖು ಗೋಪಾಲಮ್ಮ ನೀರು ಕೂಡ ಕುಡಿಯಲಿಲ್ಲ. ಬೆಳಿಗ್ಗೆ ಮಾರಮ್ಮನಿಗೆ ಕೈಮುಗಿದು, ಬಾವಿಯ ಬಳಿ ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಸ್ಮಶಾನಕ್ಕೆ ಹೋದಳು. ಲಕ್ಕಣ್ಣನ ತಲೆದೆಸೆಯಿಂದ ಮೂರು ಹಿಡಿ, ತಾಯಿಯದಿರಬಹುದೆಂದು ಅವಳು ಎಣಿಸಿದ ಕಡೆಯಿಂದ ಮೂರು ಹಿಡಿ ಮಣ್ಣು ತೆಗೆದು ಬಿದಿರಿನ ಮಂಕರಿಗೆ ಹಾಕಿ, ಮೇಲೆ ಅಲ್ಲಿಯದೇ ಮಣ್ಣು ತುಂಬಿದಳು. ನಾರಾಯಣಮ್ಮ ತಲೆಗೆ ಹೊರಿಸಿದಳು.

ಕಚೇರಿಯ ಮುಂದೆ ಶಾಮಿಯಾನ ಹಾಕಿದ್ದರು. ಕೆಂಪು ಹಳದಿ ಬಾವುಟ, ಪ್ಲಾಸ್ಟಿಕ್ ಕುರ್ಚಿಗಳು, ಮೈಕು, ತಿಂಡಿಯ ಪೊಟ್ಟಣಗಳ ರಾಶಿ. ನಡುವೆ ಪಾಲಿಶು ಮಾಡಿದ ಕರಿಕಲ್ಲು. ಅದರಲ್ಲಿ ಚಿನ್ನದ ಬಣ್ಣದ ಅಕ್ಷರ. 'ಬಿಟ್ಟುಕೊಟ್ಟ' ಎಂಬುದು ಒಂದೇ ಸಾಲಿಗೆ ಹಿಡಿಯದೆ ಎರಡು ಸಾಲಾಗಿ ಒಡೆದಿತ್ತು. ತಮಟೆ ಶುರುವಾಯಿತು. ಮುನಿಗಂಗಪ್ಪನವರು ಹೊಸ ಪಂಚೆ ಉಟ್ಟು ಕಲ್ಲಿನ ಪಕ್ಕ ನಿಂತಿದ್ದರು. ಸಂಯುಕ್ತಾ ಫೋನು ಎತ್ತಿ ಹಿಡಿದರು. ಒದ್ದೆ ಸೀರೆಯ ಹೆಂಗಸು ಶಾಮಿಯಾನದವರೆಗೆ ಬಂದು, ಕಲ್ಲಿನ ಕಡೆ ತಿರುಗಿಯೂ ನೋಡದೆ ಎಡಕ್ಕೆ ಹೊರಳಿ, ರಸ್ತೆಯಂಚಿನ ಬೇವಿನ ಮರದ ಬುಡಕ್ಕೆ ಹೋದಳು. ಅಲ್ಲಿ ಒಂದು ಗಳಿಗೆ ನಿಂತು, ಮಾರು ಎಣಿಸುತ್ತಾ ನಡೆಯತೊಡಗಿದಳು.

ತಮಟೆಯವನು ಕಾಲೋನಿಯವನೇ. ಅವನು ಬಡಿಯುವುದನ್ನು ನಿಲ್ಲಿಸಿದ. ಕುರ್ಚಿಗಳಲ್ಲಿ ಕೂತಿದ್ದ ಮುದುಕರು ಒಬ್ಬೊಬ್ಬರಾಗಿ ಎದ್ದರು. ಐವತ್ತು ವರ್ಷದ ಹಿಂದೆ ಮುನಿವೆಂಕಟಯ್ಯನ ಹಿಂದೆ ನಡೆದ ಕಾಲುಗಳು ತಾವಾಗಿಯೇ ಚಪ್ಪಲಿ ಬಿಟ್ಟವು. ಮುನಿಗಂಗಪ್ಪನವರೂ ಬಿಟ್ಟರು. ಕಲ್ಲಿನ ಪಕ್ಕ ಹೊಸ ಚಪ್ಪಲಿಯ ಜೊತೆಯೊಂದು ಉಳಿಯಿತು. ಅವರು ಎಲ್ಲರ ಜೊತೆ ನಡೆದರು.

"ಏನ್ ನಡೀತಿದೆ?" ಎಂದು ಸಂಯುಕ್ತಾ ಕೇಳಿದರು.

"ಇದೂ ಪ್ರೋಗ್ರಾಮೇ ಮೇಡಂ," ಅಂದ ಮುನೇಶ್. ಅವನಿಗೂ ಗೊತ್ತಿರಲಿಲ್ಲ.

ಗೋಪಾಲಮ್ಮ ಹಿಂದೆ ತಿರುಗಲಿಲ್ಲ. ನಲವತ್ತು ಮಾರು, ಆಮೇಲೆ ಮೂಡಲಕ್ಕೆ. ಹಿಂದೆ ಬರಿಗಾಲುಗಳ ಸದ್ದು ಕೇಳುತ್ತಿತ್ತು. ಅಪ್ಪ ಹೇಳಿದ್ದಂತೆ ತಲೆ ಸುಮ್ಮನಿತ್ತು, ಕಾಲು ಹೋಗುತ್ತಿತ್ತು. ಹೀಗೆ ಹೋಗುತ್ತಾ ಲೇಔಟಿನ ಪಾಯ ಎದುರಾಯಿತು. ಎರಡು ಹೆಜ್ಜೆಯಷ್ಟು ಅಗಲ, ಸೊಂಟದುದ್ದ ಆಳ. ತಳದಲ್ಲಿ ಹಸಿರು ನೀರು ನಿಂತು ನಾರುತ್ತಿತ್ತು. ಗಡಿ ಇನ್ನೂ ಆಚೆಗಿತ್ತು. ಒಂದು ಕೈಯಲ್ಲಿ ಮಂಕರಿ ಹಿಡಿದು ಅವಳು ಪಾಯದ ಕಿರಿದಾದ ಕಡೆ ನೋಡಿ ದಾಟಿದಳು. ಹಿಂದೆಯೇ ನಾರಾಯಣಮ್ಮನೂ ದಾಟಿದಳು. ಅಲ್ಲಿ ಗೋಪಾಲಮ್ಮ ಮೊದಲ ಸಲ ತಿರುಗಿ ನಿಂತಳು.

ಗುಂಪು ಪಾಯದ ಈಚೆ ನಿಂತಿತ್ತು. ದಾಟಿದರೆ ಒಪ್ಪಿದ ಹಾಗೆ ಎಂಬುದು ಅವರೆಲ್ಲರ ಮುಖದ ಮೇಲೂ ಬರೆದಿತ್ತು. ಮುನಿಗಂಗಪ್ಪನವರು ತಮ್ಮ ಕಾಲು ನೋಡಿಕೊಂಡರು, ಆಗ ಎಚ್ಚರವಾದವರ ಹಾಗೆ.

"ಸಾಕು ಬಾರೇ ಗೋಪಾಲಿ. ಪ್ರೋಗ್ರಾಂ ಲೇಟಾಗುತ್ತೆ," ಅಂದರು. ಅವಳು ಅಲ್ಲಾಡಲಿಲ್ಲ. "ಏನೋ ಸಾಂಸ್ಕೃತಿಕ ಅಂತ ಮಾಡಿದ್ದಪ್ಪ ಇದು, ಇದ್ರಾಗೇನೂ ಇಲ್ಲ," ಎಂದು ಗುಂಪಿಗೆ ಹೇಳಿದರು. "ಏ ಮುನೇಶ, ನನ್ ಚಪ್ಲಿ ತಗೊಂಬಾರ್ಲಾ."

ಮುನೇಶ್ ಓಡಿದ. ಅಧ್ಯಕ್ಷರು ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟುಕೊಂಡು, ಮುಳ್ಳು ಚುಚ್ಚಿದವರಂತೆ, ಚಪ್ಪಲಿ ಬರುವವರೆಗೆ ಕಾದರು. ಬಂದ ಕೂಡಲೇ ಮೆಟ್ಟಿಕೊಂಡು ಹೊರಟರು. ಒಬ್ಬೊಬ್ಬರೇ ಹಿಂದೆ ಸರಿದರು. ಕೆಲವರು ಅವಳಿಗೆ ಕೈಮುಗಿದು ಸರಿದರು. ಅದನ್ನು ನೋಡುವುದೇ ಹೆಚ್ಚು ಅಸಹ್ಯವಾಗಿತ್ತು. ಸಂಯುಕ್ತಾ ದೂರದಲ್ಲಿ ನಿಂತು ಪಾಯವನ್ನೂ ತಮ್ಮ ಮನೆಯ ಕಡೆಯನ್ನೂ ನೋಡಿ, ಎತ್ತಿದ್ದ ಫೋನನ್ನು ಚೀಲಕ್ಕೆ ಹಾಕಿಕೊಂಡರು. ಕೊನೆಗೆ ಉಳಿದವರು ಇಬ್ಬರು: ಏನು ಮಾಡಬೇಕೆಂದು ತೋಚದ ರಘುನಾಥ್, ಮತ್ತು ಸಿದ್ರಾಮಪ್ಪ.

"ಮನೇಲಿ ಸಣ್ಣ ಕೂಸುಗಳವ್ವೆ," ಎಂದು ಸಿದ್ರಾಮಪ್ಪ ತಮಗೇ ಹೇಳಿಕೊಂಡರು. "ಮಣ್ಣಿನ ಹಿಂದೆ ಬಂದು ಅರ್ಧಕ್ ತಿರುಗ್ಬಾರ್ದು." ನ್ಯಾಯಕ್ಕಲ್ಲ, ಹೆದರಿಕೆಗೆ, ಆದರೂ ಅವರು ಪಾಯದ ಅಂಚಿಗೆ ಬಂದರು. ಎಪ್ಪತ್ತೆಂಟರ ಕಾಲು ತಾನಾಗಿ ದಾಟುವಂತಿರಲಿಲ್ಲ. ಆಚೆಯಿಂದ ಯಾರಾದರೂ ಕೈ ಹಿಡಿದು ಎಳೆದುಕೊಳ್ಳಬೇಕು. ಆಚೆ ಇದ್ದವರು ಕಾಲೋನಿಯ ಇಬ್ಬರು ಹೆಂಗಸರು.

ಮುದುಕರು ಕೈ ಚಾಚಿದರು. ಗೋಪಾಲಮ್ಮನೂ ಬಿಡುವಾದ ಕೈಯನ್ನು ಮುಂದೆ ಮಾಡಿದಳು. ಒಂದು ಗೇಣು ಉಳಿದಿರುವಾಗ ಅವರ ಕೈ ನಿಂತಿತು, ಹಿಂದಕ್ಕೆ ಹೋಯಿತು. ಆಮೇಲೆ ಅವರು ತಮ್ಮ ಊರುಗೋಲನ್ನು ತಿರುಗಿಸಿ, ಸಗಣಿ ಕೆಸರು ಮೆತ್ತಿದ ಅದರ ತುದಿಯನ್ನು ಅವಳ ಕಡೆಗೆ ನೀಡಿದರು.

"ಇದ್ನ ಹಿಡ್ಕಮ್ಮಿ," ಅಂದರು.

ನಾರಾಯಣಮ್ಮ, "ಥೂ," ಎಂದು ಪಾಯದೊಳಗೆ ಉಗಿದಳು. "ಬುಡು ಅತ್ಗೆ. ಬಿದ್ದು ಸಾಯ್ಲಿ."

ಗೋಪಾಲಮ್ಮನಿಗೆ ಒಂದು ಸಹಿ ಬೇಕಾಗಿತ್ತು. ಆ ಸಹಿ ಕೋಲಿನ ಆ ತುದಿಯಲ್ಲಿತ್ತು. ಅವಳು ಈ ತುದಿಯನ್ನು ಹಿಡಿದು ಎಳೆದಳು. ಮುದುಕರು ತೂಗಾಡುತ್ತಾ ಬಂದು ಆ ಕಡೆಯ ನೆಲದ ಮೇಲೆ ಬಿದ್ದ ಹಾಗೆ ನಿಂತರು.

ಆಮೇಲೆ ಉಳಿದ ದೂರವನ್ನು ಮೂವರೂ ನಡೆದರು. ಲೇಔಟಿನ ಜಾರುಬಂಡೆಯ ಹಿಂದೆ, ಹೊಸದಾಗಿ ಹಾಸಿದ ಹುಲ್ಲಿನ ಮೇಲೆ, ಗೋಪಾಲಮ್ಮ ನಿಂತು ಮಂಕರಿ ಇಳಿಸಿದಳು.

"ಬರ್ಕಳಿ ರಘುನಾಥ್," ಎಂದು ಸಿದ್ರಾಮಪ್ಪ ಪಾಯದಾಚೆಗೆ ಕೂಗಿದರು. "ಗಡಿ ಇದೇ. ನಮ್ಮಪ್ಪನ ಕಾಲದಿಂದ ಇದೇ."

ರಘುನಾಥ್ ಪಾಯ ದಾಟಿ ಬಂದ. ಚೀಲದಲ್ಲಿದ್ದ ಬಿಳಿ ಹಾಳೆ ತೆಗೆದು, ಜಾರುಬಂಡೆಯ ಮೆಟ್ಟಿಲ ಮೇಲಿಟ್ಟುಕೊಂಡು ಹೇಳಿಕೆ ಬರೆದ. ಅಕ್ಷರ ಸ್ಪಷ್ಟವಾಗಿತ್ತು. ಯಾವ ಮಾತನ್ನೂ ಚೆನ್ನಾಗಿರಲಿ ಎಂದು ಸೇರಿಸಲಿಲ್ಲ. ಸಿದ್ರಾಮಪ್ಪ ಸಹಿ ಹಾಕಿ, ಯಾರ ಮುಖವನ್ನೂ ನೋಡದೆ ಲೇಔಟಿನ ಗೇಟಿನ ಕಡೆಯಿಂದ ಸುತ್ತಿಕೊಂಡು ಮನೆಗೆ ಹೊರಟರು.

"ನಾಳೆ ಬೆಳಿಗ್ಗೆ ನಾನೇ ಸರ್ವೆ ಆಫೀಸಿಗೆ ಕೊಟ್ಟು ನಂಬರ್ ಹಾಕಿಸ್ತೀನಿ," ಅಂದ ರಘುನಾಥ್. "ಅರ್ಜಿದಾರರ ಸಹಿ ಇಲ್ಲಿ. ಹಾಕಿ ಗೋಪಾಲಮ್ಮ."

"ತಾಳಿ ಸಾರ್. ಕೈ ತೊಳ್ಕಂಡ್ ಬತ್ತೀನಿ."

ಹುಲ್ಲಿಗೆ ನೀರು ಬಿಡುವ ನಲ್ಲಿಯೊಂದು ಅಲ್ಲೇ ಇತ್ತು. ಗೋಪಾಲಮ್ಮ ಅದನ್ನು ಪೂರ್ತಿ ತಿರುಗಿಸಿ, ಬಲಗೈಯನ್ನು ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆದಳು.

"ಮಣ್ಣಾಗಿತ್ತಾ ಅತ್ಗೆ?" ಎಂದು ನಾರಾಯಣಮ್ಮ ಕೇಳಿದಳು.

"ಮಣ್ಣಾಗಿದ್ರೆ ತೊಳೀತಿರ್ಲಿಲ್ಲ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು, ಒಂದೊಂದೇ ಅಕ್ಷರ ಕೂಡಿಸಿ, ತನ್ನ ಹೆಸರು ಬರೆದಳು.